ರಾಮಾಮಾತ್ಯನ ಶುದ್ಧಮೇಳ ವೀಣೆಯೂ ತಂತಿಗಳ ಶ್ರುತಿಕ್ರಮವೂ

ತುಂಗಭದ್ರೆಯ ಉತ್ತರದಂಡೆಯಲ್ಲಿ, ಗಂಗಾವತಿ ತಾಲ್ಲೂಕಿಗೆ ಸೇರಿದ ಆನೆಗೊಂದಿಯನ್ನು ಕಂಡವರಿಗೆ ವಿಜಯನಗರದ ಕೋಟೆಕೊತ್ತಲಗಳು ನೆನಪಿಗೆ ಬರುವುದು ಸಹಜವೇ ಸರಿ. ಆ ಆಸ್ಥಾನದಲ್ಲಿ ವೀಣೆಯ ತಂತಿಗಳನ್ನು ಯಾವ ಯಾವ ಸ್ವರಕ್ಕೆ ಬಿಗಿಯಬೇಕೆಂಬ ವಿಚಾರವು ಒಂದು ಶಾಸ್ತ್ರವಾಗಿಯೇ ಬೆಳೆದಿದ್ದಿತೆಂಬುದು ಮಾತ್ರ ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಕೊಪ್ಪಳ, ಕುಷ್ಟಗಿ, ಯಲಬುರ್ಗಿಗಳ ಸೀಮೆಯಲ್ಲಿ ಈಗ ಹಿಂದುಸ್ಥಾನಿ ಪದ್ಧತಿಯೇ ಹೆಚ್ಚಾಗಿ ಕೇಳಿಬರುತ್ತಿರುವುದರಿಂದ, ದಾಕ್ಷಿಣಾತ್ಯ ಸಂಗೀತದ ಒಂದು ಮುಖ್ಯ ಲಕ್ಷಣಗ್ರಂಥವು ಈ ನದೀತೀರದ ರಾಜ್ಯದಲ್ಲಿ ಹುಟ್ಟಿದುದನ್ನು ಇಲ್ಲಿಯವರೂ ಮರೆತಿರುವರು.

ಆ ಗ್ರಂಥವು ರಾಮಾಮಾತ್ಯನ 'ಸ್ವರಮೇಲಕಲಾನಿಧಿ'. ಅಳಿಯ ರಾಮರಾಯನ ಪ್ರೇರಣೆಯಿಂದ 1550ರಲ್ಲಿ ರಚಿತವಾದುದು. ರಕ್ಕಸತಂಗಡಿಯ ಯುದ್ಧಕ್ಕೆ ಇನ್ನು ಹದಿನೈದೇ ವರ್ಷಗಳು ಉಳಿದಿದ್ದ ಕಾಲ. 'ಸಂಗೀತರತ್ನಾಕರ'ಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನ ವಂಶಕ್ಕೆ ಈತನು ಸೇರಿದವನು. ಗ್ರಂಥದಲ್ಲಿ ಐದು ಪ್ರಕರಣಗಳಿವೆ. ವಿದ್ವಾಂಸರು ಸಾಮಾನ್ಯವಾಗಿ ನಾಲ್ಕನೆಯದಾದ ಮೇಳಪ್ರಕರಣವನ್ನೂ ಅದರಲ್ಲಿ ಹೇಳಿರುವ ಇಪ್ಪತ್ತು ಮೇಳಗಳನ್ನೂ ಕುರಿತೇ ಚರ್ಚಿಸುವರು. ಮೂರನೆಯದಾದ ವೀಣಾಪ್ರಕರಣವೇ ಆ ಮೇಳಗಳಿಗೆ ತಳಹದಿಯೆಂಬುದು ನಮ್ಮ ಅಭಿಪ್ರಾಯ.

ರಾಮಾಮಾತ್ಯನು ಮೂರು ವಿಧದ ವೀಣೆಗಳನ್ನು ಹೇಳುತ್ತಾನೆ: ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರಮೇಳ ವೀಣೆ. ಕಡೆಯದು 1529ರಿಂದ 1542ರವರೆಗೆ ಆಳಿದ ಅಚ್ಯುತರಾಯನ ಹೆಸರನ್ನು ಹೊತ್ತದ್ದು. ಅರಸನ ಹೆಸರನ್ನು ಒಂದು ಕೆರೆಗೋ ಪೇಟೆಗೋ ಇಡುವುದುಂಟು. ತಂತಿಗಳ ಶ್ರುತಿಕ್ರಮವೊಂದಕ್ಕೆ ಇಟ್ಟಿರುವುದನ್ನು ನೋಡಿದರೆ ಈ ಪರೀಕ್ಷೆಗಳಿಗೆ ಆಗ ಎಷ್ಟು ಗೌರವವಿದ್ದಿತೆಂದು ಊಹಿಸಬಹುದು. ಇವುಗಳಲ್ಲಿ ಪ್ರತಿಯೊಂದೂ ಮತ್ತೆ ಎರಡು ಬಗೆ: ಎಲ್ಲ ರಾಗಗಳಿಗೂ ಒದಗುವಂತೆ ಮೆಟ್ಟುಗಳನ್ನು ನಿಲ್ಲಿಸಿದ ಸರ್ವರಾಗಮೇಳ, ಒಂದೊಂದು ರಾಗಕ್ಕೆ ತಕ್ಕಂತೆ ಮೆಟ್ಟುಗಳನ್ನು ಸರಿಸಿಕೊಳ್ಳುವ ಏಕರಾಗಮೇಳ.

ಶುದ್ಧಮೇಳ ವೀಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅದರ ನಾಲ್ಕು ಮುಖ್ಯ ತಂತಿಗಳ ಶ್ರುತಿ ಕ್ರಮವಾಗಿ ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮ. ಪಕ್ಕದ ಮೂರು ತಂತಿಗಳು ಷಡ್ಜ ಪಂಚಮ ಷಡ್ಜಗಳಿಂದ ಶ್ರುತಿಯನ್ನು ಕೊಡತಕ್ಕವು. ಕೆಳಗೆ ಆರು ಮೆಟ್ಟುಗಳು. ಷಡ್ಜದ ತಂತಿಯ ಮೇಲೆ ಈ ಆರರಿಂದ ಶುದ್ಧ ಋಷಭ, ಶುದ್ಧ ಗಾಂಧಾರ, ಸಾಧಾರಣ ಗಾಂಧಾರ, ಚ್ಯುತಮಧ್ಯಮ ಗಾಂಧಾರ, ಶುದ್ಧ ಮಧ್ಯಮ, ಚ್ಯುತಪಂಚಮ ಮಧ್ಯಮ ಎಂಬ ಸ್ವರಗಳು ಹೊರಡುತ್ತವೆ. ಅವನ ಶುದ್ಧ ಗಾಂಧಾರವೆಂದರೆ ನಾವು ಇಂದು ಚತುಃಶ್ರುತಿ ಋಷಭವೆನ್ನುವ ಸ್ಥಾನವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಈಗ ಮೆಟ್ಟುಗಳನ್ನು ಎಲ್ಲಿ ನಿಲ್ಲಿಸಬೇಕು? ಇಲ್ಲಿ ಅಳತೆಗೋಲು ಬೇಕಿಲ್ಲ. ತಂತಿಗಳೇ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಮಧ್ಯಮದ ತಂತಿಯನ್ನು ಎರಡನೆಯ ಮೆಟ್ಟಿನಲ್ಲಿ ಒತ್ತಿದರೆ ಪಂಚಮವು ಬರಬೇಕಷ್ಟೆ. ಆ ಪಂಚಮವು ಎರಡನೆಯ ತಂತಿಯ ಬಿಡಿಸ್ವರಕ್ಕೆ ಮೇಲಣ ಸ್ಥಾಯಿಯಲ್ಲಿ ಸರಿಹೊಂದುವವರೆಗೆ ಮೆಟ್ಟನ್ನು ಸರಿಸಿದರೆ ಅದರ ಸ್ಥಾನವು ನಿರ್ಣಯವಾಯಿತು: ಬಿಡಿತಂತಿಗೆ 9/8ರ ಪ್ರಮಾಣ. ಅದೇ ಮೆಟ್ಟು ಪಂಚಮದ ತಂತಿಯ ಮೇಲೆ ಶುದ್ಧ ನಿಷಾದವನ್ನು ಕೊಡುತ್ತದೆ. ಮಧ್ಯಮದ ತಂತಿಯ ನಾಲ್ಕನೆಯ ಮೆಟ್ಟಿನಲ್ಲಿಯೂ ಅದೇ ನಿಷಾದವು ಬರಬೇಕಾದುದರಿಂದ ನಾಲ್ಕನೆಯದು 81/64ರಲ್ಲಿ ನಿಲ್ಲುತ್ತದೆ. ಇದರಿಂದ ಪಂಚಮದ ತಂತಿಯಲ್ಲಿ ಚ್ಯುತಷಡ್ಜ ನಿಷಾದವು ದೊರೆತು, ಅದನ್ನು ಮಧ್ಯಮದ ತಂತಿಯೊಡನೆ ಹೋಲಿಸಿದರೆ ಆರನೆಯ ಮೆಟ್ಟು 729/512 ಎಂದಾಗುತ್ತದೆ. ಇನ್ನುಳಿದ ಮೂರಕ್ಕೆ ಆರಂಭವು ಐದನೆಯದು: ಷಡ್ಜದ ತಂತಿಯಲ್ಲಿ ಅದು ಮಧ್ಯಮವನ್ನು ನುಡಿದು ನಾಲ್ಕನೆಯ ತಂತಿಯ ಬಿಡಿಸ್ವರಕ್ಕೆ ಹೊಂದಬೇಕು, ಅಂದರೆ 4/3. ಅಲ್ಲಿಂದ ಕೈಶಿಕಿ ನಿಷಾದದ ಮೂಲಕ ಮೂರನೆಯದು 32/27, ಶುದ್ಧ ಧೈವತದ ಮೂಲಕ ಮೊದಲನೆಯದು 256/243. ಹೀಗೆ ಆರು ಮೆಟ್ಟುಗಳೂ ಕಿವಿಯ ಸಾಕ್ಷ್ಯದಿಂದಲೇ ಸ್ಥಿರಪಡುತ್ತವೆ. ಸಿತಾರದಂತೆ ಮೆಟ್ಟುಗಳನ್ನು ಸರಿಸಲು ಬರುವ ವಾದ್ಯವುಳ್ಳವರು ಇದನ್ನು ಅರ್ಧ ಗಂಟೆಯಲ್ಲಿ ಪರೀಕ್ಷಿಸಿ ನೋಡಬಹುದು.

ಈ ಸ್ವರಗಳನ್ನು ರಾಮಾಮಾತ್ಯನು 'ಸ್ವಯಂಭು'ಗಳೆಂದು ಕರೆಯುತ್ತಾನೆ. ತಾವಾಗಿ ಹುಟ್ಟಿದವು, ಮನುಷ್ಯನು ಕಲ್ಪಿಸಿದವಲ್ಲ ಎಂದು ಭಾವ. ಇದನ್ನು ಪೂರ್ತಿಯಾಗಿ ಒಪ್ಪಲಾಗುವುದಿಲ್ಲ. ನಾಲ್ಕನೆಯ ತಂತಿಯ ಶ್ರುತಿಯನ್ನು ಬದಲಿಸಿ, ಮಧ್ಯಮೇಳ ವೀಣೆಯಲ್ಲಿರುವಂತೆ ಪಂಚಮ ಷಡ್ಜ ಪಂಚಮ ಷಡ್ಜವೆಂದು ಕಟ್ಟಿದೆವೆನ್ನಿ. ಆಗ ಆರು ಮೆಟ್ಟುಗಳೊಳಗೆ ಬಿಡಿತಂತಿಯ ಸಾಕ್ಷ್ಯವು ದೊರೆಯುವುದು ಐದನೆಯದಕ್ಕೆ ಮಾತ್ರ. ಎರಡನೆಯದನ್ನು ನಿರ್ಣಯಿಸಬೇಕಾದರೆ ಏಳನೆಯದೊಂದನ್ನು ಮೊದಲು ನಿಲ್ಲಿಸಿ, ಪಂಚಮದ ತಂತಿಯಲ್ಲಿ ಅದು ಕೊಡುವ ಸ್ವರವನ್ನು ಷಡ್ಜದ ತಂತಿಯೊಡನೆ ಹೋಲಿಸಬೇಕಾಗುತ್ತದೆ. ಆದುದರಿಂದ ಸ್ವರಗಳು ತಾವಾಗಿ ಹುಟ್ಟಿದುದು ನಿಜವಾದರೂ ಅವು ಹುಟ್ಟಿದ ತೊಟ್ಟಿಲನ್ನು ಕಟ್ಟಿದವನು ವೈಣಿಕನೇ.

ಇನ್ನೊಂದು ತೊಡಕುಂಟು. ಚ್ಯುತಪಂಚಮ ಮಧ್ಯಮವು ಷಡ್ಜದ ತಂತಿಯ ಆರನೆಯ ಮೆಟ್ಟಿನಲ್ಲಿಯೂ ಮಧ್ಯಮದ ತಂತಿಯ ಮೊದಲನೆಯ ಮೆಟ್ಟಿನಲ್ಲಿಯೂ ಬರತಕ್ಕದ್ದು. ಲೆಕ್ಕ ಹಾಕಿದರೆ ಒಂದು ಕಡೆ 729/512, ಇನ್ನೊಂದು ಕಡೆ 1024/729. ಹೆಸರು ಒಂದೇ, ನಾದ ಎರಡು! ಅವುಗಳ ಅಂತರವು ಒಂದು ಅರ್ಧಸ್ವರದ ಸುಮಾರು ನಾಲ್ಕನೆಯ ಒಂದು ಭಾಗ. ಪಳಗಿದ ಕಿವಿಗೆ ಇದು ಅಡಗುವಂಥದಲ್ಲ. ಹಾಗೆಯೇ 81/64ರ ಗಾಂಧಾರವು, ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ 5/4ರ ಗಾಂಧಾರಕ್ಕಿಂತ ಸ್ವಲ್ಪ ಮೇಲಿದೆ. ಅಂತರ ಗಾಂಧಾರ, ಕಾಕಲಿ ನಿಷಾದಗಳಿಗೆ ಬೇರೆ ಮೆಟ್ಟುಗಳನ್ನಿಟ್ಟರೆ ತೀರ ಒತ್ತಾಗುವುವೆಂದು ರಾಮಾಮಾತ್ಯನು ನೆರೆಯ ಚ್ಯುತಸ್ವರಗಳನ್ನೇ ಅವುಗಳ ಪ್ರತಿನಿಧಿಗಳಾಗಿ ಒಪ್ಪಿಕೊಂಡನು; ಇಪ್ಪತ್ತು ಮೇಳಗಳು ಹದಿನೈದಕ್ಕೆ ಇಳಿಯಬಹುದೆಂದು ಅವನು ಹೇಳುವುದಕ್ಕೆ ಕಾರಣವೂ ಇದೇ. 17ನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿಯು ಇವನನ್ನು ಕಟುವಾಗಿ ಖಂಡಿಸಿದನು. ಆದರೆ ಬೆರಳಿಗೆ ಎಡೆಯಿಲ್ಲದಲ್ಲಿ ಶಾಸ್ತ್ರವು ಬಾಗಬೇಕೆಂದು ಕಂಡುಕೊಂಡ ರಾಮಾಮಾತ್ಯನ ಪಕ್ಷವನ್ನೇ ನಾವು ಹಿಡಿಯುವೆವು.

ಶುದ್ಧಮೇಳವು ಬಳಕೆಯಿಂದ ಹೋಯಿತು. ನುಡಿಸುವ ತಂತಿಯೇ ಮಧ್ಯಮಕ್ಕೆ ಕಟ್ಟಿದುದಾದರೆ ಮಧ್ಯಮವರ್ಜ್ಯವಾದ ರಾಗಗಳಲ್ಲಿ ಬಿಡಿತಂತಿಯು ಮುಟ್ಟಬಾರದ ತಂತಿಯಾಗುತ್ತದೆ. ಷಡ್ಜಕ್ಕಾದರೋ ಅಂತಹ ನಿಷೇಧವಿಲ್ಲ. ಇಂದಿನ ಸರಸ್ವತೀವೀಣೆಯ ಸಾರಣಿ, ಪಂಚಮ, ಮಂದ್ರ, ಅನುಮಂದ್ರ ತಂತಿಗಳು ಮಧ್ಯಮೇಳದ ಕ್ರಮವನ್ನೇ ಅನುಸರಿಸಿವೆ; ಮೇಣದಲ್ಲಿ ನಿಲ್ಲಿಸಿದ ಇಪ್ಪತ್ತನಾಲ್ಕು ಮೆಟ್ಟುಗಳು ಸರ್ವರಾಗಮೇಳದ ಸಂತತಿಯವು.

ಈ ಪ್ರಶ್ನೆಯು ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವ ಪೆಡಲ್ ಸ್ಟೀಲ್ ಗಿಟಾರಿನಲ್ಲಿ ಸ್ವರಸ್ಥಾನವನ್ನು ಕಟ್ಟುವ ಮೆಟ್ಟುಗಳಿಲ್ಲ. ನಮ್ಮ ಗೋಟುವಾದ್ಯದಂತೆ ನುಣುಪಾದ ದಂಡವೊಂದನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವರು. ಅಲ್ಲಿ ಕಾಲಿನಿಂದ ಪೆಡಲನ್ನು ತುಳಿದರೆ ಗೊತ್ತಾದ ತಂತಿಗಳ ಬಿಗಿ ಏರಿ, ವಾದನದ ನಡುವೆಯೇ ಶ್ರುತಿಕ್ರಮವು ಬದಲಾಗುತ್ತದೆ. 1953ರಲ್ಲಿ ವೆಬ್ ಪಿಯರ್ಸನು ಹಾಡಿದ 'ಸ್ಲೋಲಿ' ಎಂಬ ಗೀತದಲ್ಲಿ ಬಡ್ ಐಸಾಕ್ಸನು ಇದನ್ನು ನುಡಿಸಿದ ಬಳಿಕ ಈ ರೀತಿಯು ಬಹುಬೇಗ ಹಬ್ಬಿತು. ಸಾಮಾನ್ಯವಾದ ಹತ್ತು ತಂತಿಗಳ ಕಟ್ಟಿನಲ್ಲಿ ಮೊದಲೆರಡು ಪೆಡಲುಗಳನ್ನು ಒಟ್ಟಿಗೆ ತುಳಿದರೆ ಒಂದು ಜಾತಿಯ ತಂತಿಗಳು ಒಂದು ಪೂರ್ಣಸ್ವರವೂ ಇನ್ನೊಂದು ಜಾತಿಯವು ಅರ್ಧಸ್ವರವೂ ಏರಿ, ಸ್ವರಕೂಟವು ಷಡ್ಜದಿಂದ ಮಧ್ಯಮಕ್ಕೆ ಹಾರುತ್ತದೆ. ಏಕರಾಗಮೇಳದಲ್ಲಿ ವೈಣಿಕನು ಕುಳಿತು ಮೆಟ್ಟು ಸರಿಸಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಾಲು ಕ್ಷಣದಲ್ಲಿ ಮುಗಿಸುತ್ತದೆ. ಆ ವಾದಕರಲ್ಲಿ ಅನೇಕರು ಗಾಂಧಾರದ ತಂತಿಯನ್ನು ಯಂತ್ರವು ತೋರಿಸುವ ಸಮಪ್ರಮಾಣಕ್ಕಿಂತ ತುಸು ಇಳಿಸಿ, 5/4ರ ಕಡೆಗೆ ತರುವರೆಂಬುದು ಗಮನಾರ್ಹ.

ನೆರೆಯ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು (1892–1944) ಎರಡು ಪದ್ಧತಿಗಳನ್ನೂ ಸಾಧಿಸಿ ಉಭಯಗಾನವಿಶಾರದರೆನಿಸಿಕೊಂಡರು. ಆದರೆ ಈ ಸೀಮೆಯ ಭಜನೆ ಬಯಲಾಟಗಳಲ್ಲಿ ಸ್ವರವನ್ನು ಗೊತ್ತುಮಾಡುತ್ತಿರುವುದು ಹಾರ್ಮೋನಿಯಮ್ಮಿನ ಹನ್ನೆರಡು ಸಮಭಾಗಗಳು. ಅದರ ಗಾಂಧಾರವು 5/4ಕ್ಕಿಂತ ಮೇಲೆ, 81/64ಕ್ಕಿಂತ ಕೆಳಗೆ ನಿಂತಿದೆ. ರಾಮಾಮಾತ್ಯನ ಎರಡು ಚ್ಯುತಪಂಚಮ ಮಧ್ಯಮಗಳ ನಟ್ಟನಡುವೆ ಅದರ ತೀವ್ರ ಮಧ್ಯಮವು ಕುಳಿತಿದೆ.