ಸಾಂಕ್ರಾಮಿಕ ನಿಯಂತ್ರಣ: ನಿರ್ಬಂಧದ ವೆಚ್ಚ ಯಾರ ಖಾತೆಗೆ?

ಸಾಂಕ್ರಾಮಿಕ ರೋಗಗಳನ್ನು ತಡೆಯಲು ಸರ್ಕಾರಗಳು ಅನುಸರಿಸುವ ಉಪಾಯಗಳು ಹೊಸವಲ್ಲ. 1377ರಲ್ಲಿ ರಗೂಸಾ ಬಂದರು (ಇಂದಿನ ಕ್ರೊಯೇಷಿಯಾದ ಡುಬ್ರೊವ್ನಿಕ್) ಪ್ಲೇಗ್‌ಪೀಡಿತ ಪ್ರದೇಶಗಳಿಂದ ಬಂದವರನ್ನು 30 ದಿನಗಳ ಕಾಲ ನಗರದ ಹೊರಗೇ ಇರಿಸುವ ನಿಯಮ ಮಾಡಿತು. ವ್ಯಾಪಾರವೇ ಜೀವಾಳವಾಗಿದ್ದ ಆ ನಗರವು ಬಂದರನ್ನು ಪೂರ್ತಿ ಮುಚ್ಚದೆ ರೋಗವನ್ನು ತಡೆಯಲು ಕಂಡುಕೊಂಡ ಮಾರ್ಗವಿದು.

ಕೋವಿಡ್ ಕಾಲದಲ್ಲಿಯೂ ಗಡಿ ನಿರ್ಬಂಧ, ತಪಾಸಣೆ, ಸಂಪರ್ಕಿತರ ಪತ್ತೆ, ಪ್ರತ್ಯೇಕವಾಸ ಮತ್ತು ಲಾಕ್‌ಡೌನ್‌ಗಳೇ ಪ್ರಮುಖ ಸಾಧನಗಳಾಗಿದ್ದವು. 2015ರ ಮರ್ಸ್ ರೋಗದಿಂದ ಪಾಠ ಕಲಿತಿದ್ದ ದಕ್ಷಿಣ ಕೊರಿಯಾ, 2020ರಲ್ಲಿ ವ್ಯಾಪಕ ತಪಾಸಣೆಯನ್ನು ನೆಚ್ಚಿಕೊಂಡು ರಾಷ್ಟ್ರವ್ಯಾಪಿ ಲಾಕ್‌ಡೌನ್ ಇಲ್ಲದೆಯೇ ಮೊದಲ ಅಲೆಯನ್ನು ಹತೋಟಿಗೆ ತಂದಿತು. ನ್ಯೂಜಿಲೆಂಡ್ ಆ ವರ್ಷದ ಮಾರ್ಚ್ 19ರಂದು ವಿದೇಶೀಯರಿಗೆ ಗಡಿಯನ್ನು ಮುಚ್ಚಿ, ವಾರದೊಳಗೆ ಲಾಕ್‌ಡೌನ್ ಜಾರಿಗೊಳಿಸಿತು. ಭಾರತದಲ್ಲಿ ಮಾರ್ಚ್ 24ರ ರಾತ್ರಿ ಘೋಷಣೆಯಾಗಿ, ಮರುದಿನದಿಂದ 21 ದಿನಗಳ ಲಾಕ್‌ಡೌನ್ ಆರಂಭವಾಯಿತು.

ಅಂಗಡಿ, ಕಾರ್ಖಾನೆಗಳನ್ನು ಮುಚ್ಚಿಸಲು ಒಂದು ಆದೇಶ ಸಾಕು. ಆದರೆ ವೇತನ, ಬಾಡಿಗೆ, ಬಡ್ಡಿಗಳು ನಿಲ್ಲುವುದಿಲ್ಲ. ಈ ಹೊರೆಯನ್ನು ದೇಶಗಳು ಬೇರೆಬೇರೆ ರೀತಿಯಲ್ಲಿ ಹಂಚಿಕೊಂಡವು. ವಹಿವಾಟು ಕುಸಿದ ಉದ್ಯಮಗಳಿಗೆ ನ್ಯೂಜಿಲೆಂಡ್ ಪ್ರತಿ ಪೂರ್ಣಾವಧಿ ನೌಕರನಿಗೆ ವಾರಕ್ಕೆ 585.80 ಡಾಲರಿನಂತೆ 12 ವಾರಗಳ ಸಹಾಯಧನ ನೀಡಿತು. ಬ್ರಿಟನ್ ಆರಂಭದಲ್ಲಿ ಮಾಸಿಕ 2,500 ಪೌಂಡ್ ಮಿತಿಯೊಳಗೆ ಶೇ. 80ರಷ್ಟು ವೇತನವನ್ನು ಭರಿಸಿತು. ಭಾರತದಲ್ಲಿ ಸಣ್ಣ ಉದ್ದಿಮೆಗಳಿಗೆ ದೊರೆತ ನೆರವು ಮುಖ್ಯವಾಗಿ ಸಾಲದ ರೂಪದ್ದು: ಆಗಸ್ಟ್ 31, 2020ರವರೆಗೆ ಕಂತು ಪಾವತಿಯ ಮುಂದೂಡಿಕೆ ಹಾಗೂ ಆರಂಭದಲ್ಲಿ 3 ಲಕ್ಷ ಕೋಟಿ ರೂಪಾಯಿಗಳ ಸರ್ಕಾರಿ ಖಾತರಿಯ ಸಾಲ ಯೋಜನೆ.

ಲೆಕ್ಕಪತ್ರದ ದೃಷ್ಟಿಯಿಂದ ಈ ಭೇದ ಮಹತ್ವದ್ದು. ಸಹಾಯಧನವು ಆ ವರ್ಷದ ನಷ್ಟವನ್ನು ತಗ್ಗಿಸುತ್ತದೆ. ಸಾಲವು ಹೊಣೆಯಾಗಿ ಮುಂದಿನ ವರ್ಷಗಳ ಆಢಾವೆ ಪತ್ರಿಕೆಯಲ್ಲಿ ಉಳಿಯುತ್ತದೆ. ಮುಂದೂಡಿದ ಕಂತಿಗೂ ಬಡ್ಡಿ ಬೆಳೆಯುತ್ತದೆ. ಸರ್ಕಾರಗಳ ಆರ್ಥಿಕ ಸಾಮರ್ಥ್ಯ ಸಮಾನವಲ್ಲವೆಂಬುದು ನಿಜ. ಆದರೂ, ಬಾಗಿಲು ಮುಚ್ಚಿದವನ ಕೈಯಲ್ಲಿ ಸಂಬಳ ಕೊಡುವಷ್ಟು ಹಣವಿದ್ದರೆ ಮಾತ್ರ ನಿರ್ಬಂಧವು ಬಹುಕಾಲ ಪಾಲನೆಯಾಗುತ್ತದೆ. ಆದ್ದರಿಂದ ಪರಿಹಾರವೂ ರೋಗನಿಯಂತ್ರಣದ ಅಂಗವೇ ಆಗಿದೆ.

ವಿಮೆಯನ್ನು ನೆಚ್ಚಿಕೊಳ್ಳುವವರೂ ಎಚ್ಚರ ವಹಿಸಬೇಕು. ಅಗ್ನಿ ವಿಮೆಯೊಂದಿಗೆ ಪಡೆಯುವ ಲಾಭನಷ್ಟದ ಪಾಲಿಸಿಯು ಸಾಮಾನ್ಯವಾಗಿ ಆಸ್ತಿಗೆ ಭೌತಿಕ ಹಾನಿಯಾದಾಗ ಮಾತ್ರ ಅನ್ವಯಿಸುತ್ತದೆ. ಸರ್ಕಾರಿ ಆದೇಶದಿಂದ ಮುಚ್ಚಿದ ಘಟಕಕ್ಕೆ ಅದು ನೆರವಾಗದು. ಕನಿಷ್ಠ ಮೂರು ತಿಂಗಳ ಸ್ಥಿರ ವೆಚ್ಚಕ್ಕೆ ಸಾಲುವಷ್ಟು ನಿಧಿಯನ್ನು ಲಾಭದ ದಿನಗಳಲ್ಲಿಯೇ ತೆಗೆದಿರಿಸುವುದು ಪ್ರತಿಯೊಬ್ಬ ಉದ್ಯಮಿಗೂ ಕ್ಷೇಮಕರ.