ಹಳೇ ಲಾರಿಯ ಎಣ್ಣೆ ಸೋರಿಕೆ: ಯಾವುದನ್ನು ಸರಿಪಡಿಸಬೇಕು, ಯಾವುದರೊಡನೆ ಬಾಳಬಹುದು



ಕೊಯ್ಲಿನ ದಿನಗಳು ಹತ್ತಿರವಾಗುತ್ತಿವೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಲಾರಿ, ಪಿಕಪ್ಪುಗಳನ್ನು ಹೊರತೆಗೆಯುವ ಕಾಲವಿದು. ಗಾಡಿಯ ಅಡಿಯಲ್ಲಿ ಅಂಗೈಯಗಲದ ಕರಿ ಕಲೆ ಕಂಡಾಗ ನಮ್ಮಲ್ಲಿ ಕೆಲವರು "ಹಳೇ ಗಾಡಿ, ಸೋರದೆ ಇರುತ್ತದೆಯೇ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಗ್ಯಾರೇಜಿಗೆ ಒಯ್ದು, ಎಂಜಿನ್ ಇಳಿಸಿ, ಸಾವಿರಾರು ರೂಪಾಯಿ ಸುರಿದು, ತಿಂಗಳೊಳಗೆ ಅದೇ ಕಲೆಯನ್ನು ಮತ್ತೆ ನೋಡುತ್ತಾರೆ. ಎರಡೂ ದಾರಿ ಸರಿಯಲ್ಲ.

ಈ ಪಾಠ ನಮ್ಮ ಸಂಘಕ್ಕೆ ದುಬಾರಿಯಾಗಿಯೇ ಬಂದಿದೆ. ಕೆಲವು ವರ್ಷಗಳ ಹಿಂದೆ ನಾವು ಕೊಂಡ ಹಳೇ ಲಾರಿಯೊಂದರ ಟ್ಯಾಪೆಟ್ ಕವರಿನಿಂದ ಎಣ್ಣೆ ಒಸರುತ್ತಿತ್ತು. ಸಣ್ಣ ಸೋರಿಕೆ, ಆಗಾಗ ಎಣ್ಣೆ ಹಾಕಿಕೊಂಡರೆ ಸಾಕು ಎಂದುಕೊಂಡೆವು. ಕೊಯ್ಲಿನ ಗಡಿಬಿಡಿಯಲ್ಲಿ ಇಬ್ಬರು ಚಾಲಕರು ಸರದಿಯ ಮೇಲೆ ಓಡಿಸಿದರು. ಒಬ್ಬರು ನೋಡಿದ್ದಾರೆಂದು ಇನ್ನೊಬ್ಬರು ತಿಳಿದರು. ಎಣ್ಣೆ ಒತ್ತಡ ಸೂಚಿಸುವ ಕೆಂಪು ದೀಪದ ಬಲ್ಬು ಸುಟ್ಟುಹೋಗಿದ್ದುದನ್ನು ನಾವು ಯಾರೂ ಗಮನಿಸಿರಲಿಲ್ಲ. ಲೋಡು ಹೊತ್ತು ಘಾಟಿ ಹತ್ತುವಾಗ ಎಂಜಿನ್ ಬಡಿಯತೊಡಗಿತು. ನಿಲ್ಲಿಸುವಷ್ಟರಲ್ಲಿ ಬೇರಿಂಗು ಸುಟ್ಟಿತ್ತು. ಎಂಜಿನನ್ನು ಕೊಂದದ್ದು ಸೋರಿಕೆಯಲ್ಲ, ಆಯಿಲ್ ಕಡ್ಡಿಯನ್ನು ಯಾರೂ ಎಳೆದು ನೋಡದೆ ಹೋದದ್ದು. ಈ ಲೇಖನದ ಸಾರಾಂಶವೂ ಇಷ್ಟೇ.

ಸೋರುತ್ತಿರುವುದು ಯಾವ ಎಣ್ಣೆ?

ರಾತ್ರಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಡಿಯಲ್ಲಿ ಅಗಲವಾದ ಒಣ ರಟ್ಟು ಹಾಸಿರಿ. ಬೆಳಿಗ್ಗೆ ಕಲೆ ಯಾವ ಜಾಗದ ಕೆಳಗೆ ಬಿದ್ದಿದೆ, ಬಣ್ಣ ವಾಸನೆ ಏನು ಎಂದು ನೋಡಿರಿ. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಗೇರ್ ಎಣ್ಣೆ ಮಂದವಾಗಿದ್ದು ಗಂಧಕದಂಥ ಕಟು ವಾಸನೆ ಹೊಂದಿರುತ್ತದೆ. ಡೀಸೆಲ್ ತೆಳುವಾಗಿ ರಟ್ಟಿನ ಮೇಲೆ ಅಗಲಕ್ಕೆ ಹರಡುತ್ತದೆ. ಚಕ್ರದ ಒಳಮಗ್ಗುಲಲ್ಲಿ ಒದ್ದೆ ಕಂಡರೆ ಅದು ಬ್ರೇಕ್ ಎಣ್ಣೆಯೋ ಹಿಂದಿನ ಆಕ್ಸಲಿನ ಎಣ್ಣೆಯೋ ಇರಬಹುದು. ಅದರೊಡನೆ ಒಂದು ದಿನವೂ ಬಾಳುವಂತಿಲ್ಲ. ಸರಿಯಾಗುವ ತನಕ ಗಾಡಿ ಹೊರಡಿಸಬಾರದು.

ಎಲ್ಲಿಂದ ಬರುತ್ತಿದೆ?

ಎಣ್ಣೆ ಕೆಳಕ್ಕೆ ಹರಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದುದರಿಂದ ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಸಂಪಿನ ತುದಿಯಲ್ಲಿ ಹನಿ ತೂಗುತ್ತಿದೆಯೆಂದು ಸಂಪಿನ ಪ್ಯಾಕಿಂಗ್ ಬದಲಿಸಿ ಮೋಸ ಹೋದವರು ನಮ್ಮಲ್ಲಿ ಹಲವರಿದ್ದಾರೆ.

ತಣ್ಣಗಿರುವ ಎಂಜಿನ್ನಿನ ಹೊರಮೈಯನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿರಿ. ಸಂಶಯವಿರುವ ಕೀಲುಗಳ ಮೇಲೆ ಮೈಗೆ ಹಚ್ಚುವ ಬಿಳಿ ಪೌಡರನ್ನು ತೆಳುವಾಗಿ ಉದುರಿಸಿರಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ ಟಾರ್ಚು ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿರಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಸೋರಿಕೆಯ ಮೂಲ. ಅಡಿಗೆ ಹೋಗುವುದಾದರೆ ಚಕ್ರಗಳಿಗೆ ಅಡೆ ಕೊಟ್ಟು, ಗಟ್ಟಿ ಮರದ ದಿಮ್ಮಿಗಳ ಮೇಲೆ ಗಾಡಿಯನ್ನು ಕೂರಿಸಿರಬೇಕು. ಬರಿಯ ಜಾಕನ್ನು ನಂಬಿ ಎಂದೂ ಅಡಿಗೆ ಹೋಗತಕ್ಕದ್ದಲ್ಲ.

ಸಾಮಾನ್ಯವಾಗಿ ಕಾಣುವ ಜಾಗಗಳು ಇವು:

1. ಟ್ಯಾಪೆಟ್ ಕವರ್ ಪ್ಯಾಕಿಂಗ್: ಕಾರ್ಕು ಅಥವಾ ರಬ್ಬರು ಬಿಸಿಗೆ ಗಟ್ಟಿಯಾಗಿ ಒಡೆಯುತ್ತದೆ. ಹೊಸದನ್ನು ಹಾಕುವುದು ಅರ್ಧ ಗಂಟೆಯ ಕೆಲಸ. ಬೋಲ್ಟುಗಳನ್ನು ಬಲವಾಗಿ ಬಿಗಿದರೆ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ.

2. ಆಯಿಲ್ ಫಿಲ್ಟರು: ಹೊಸದನ್ನು ಹಾಕುವಾಗ ಹಳೆಯ ರಬ್ಬರು ಬಳೆ ಎಂಜಿನ್ನಿಗೆ ಅಂಟಿಕೊಂಡೇ ಉಳಿದರೆ ಎರಡು ಬಳೆಗಳ ನಡುವಿನಿಂದ ಎಣ್ಣೆ ಚಿಮ್ಮುತ್ತದೆ. ಒತ್ತಡದ ಎಣ್ಣೆಯಾದುದರಿಂದ ಸ್ವಲ್ಪ ಹೊತ್ತಿನಲ್ಲೇ ಸಂಪು ಬರಿದಾಗಬಹುದು.

3. ಒತ್ತಡದ ಸ್ವಿಚ್ಚು: ಒಳಗಿನ ಪೊರೆ ಹರಿದರೆ ವೈರಿನ ಬುಡದಿಂದಲೇ ಎಣ್ಣೆ ಬರುತ್ತದೆ. ಇದನ್ನು ಬದಲಿಸುವುದು ಸುಲಭ.

4. ಡ್ರೈನ್ ಪ್ಲಗ್ಗು: ಪ್ರತಿ ಸಲ ಎಣ್ಣೆ ಬದಲಿಸುವಾಗಲೂ ಹೊಸ ವಾಷರು ಹಾಕಿರಿ.

5. ಕ್ರ್ಯಾಂಕಿನ ಮುಂದಿನ ಸೀಲು: ಪುಲ್ಲಿಯ ಹಿಂದೆ ಎಣ್ಣೆ ವೃತ್ತಾಕಾರವಾಗಿ ಎರಚಿದಂತೆ ಕಾಣುತ್ತದೆ. ಎಣ್ಣೆ ಬೆಲ್ಟಿಗೆ ತಗಲಿದರೆ ಬೆಲ್ಟು ಜಾರುತ್ತದೆ.

6. ಕ್ರ್ಯಾಂಕಿನ ಹಿಂದಿನ ಸೀಲು: ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವಿನ ಬೆಲ್ ಹೌಸಿಂಗಿನ ತಳದಿಂದ ಹನಿ ಬೀಳುತ್ತದೆ. ಸೀಲಿನ ಬೆಲೆ ಅಲ್ಪ, ಆದರೆ ಗೇರ್ ಪೆಟ್ಟಿಗೆ ಇಳಿಸುವ ಕೂಲಿ ದೊಡ್ಡದು. ಬಹಳ ಸಲ ಟ್ಯಾಪೆಟ್ ಕವರಿನ ಹಿಂಬದಿಯಿಂದ ಇಳಿದ ಎಣ್ಣೆಯೇ ಇಲ್ಲಿಗೆ ಬಂದಿರುತ್ತದೆ. ಮೇಲಿನದನ್ನು ಸರಿಪಡಿಸಿ ನೋಡಿದ ಬಳಿಕವೇ ಇದಕ್ಕೆ ಕೈ ಹಾಕತಕ್ಕದ್ದು.

ಉಸಿರುಗೊಳವೆಯನ್ನು ಮರೆಯದಿರಿ

ಪಿಸ್ಟನ್ ರಿಂಗುಗಳನ್ನು ದಾಟಿ ಬರುವ ಸ್ವಲ್ಪ ಹೊಗೆ ಹೊರಹೋಗಲು ಪ್ರತಿ ಎಂಜಿನ್ನಿಗೂ ಬ್ರೀದರ್ ಎಂಬ ಉಸಿರುಗೊಳವೆ ಉಂಟು. ಇದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಗಟ್ಟಿಯಾಗಿರುವ ಸೀಲುಗಳಿಂದಲೂ ಎಣ್ಣೆ ಹೊರಬರುತ್ತದೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಗೊಳವೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ನಮ್ಮ ಕಡೆ ಹೊಸದೇನಲ್ಲ. ಒಂದೇ ಸಲಕ್ಕೆ ಮೂರು ನಾಲ್ಕು ಕಡೆ ಸೋರತೊಡಗಿದರೆ ಮೊದಲು ಇದನ್ನು ಬಿಚ್ಚಿ ತೊಳೆಯಿರಿ.

ಅದು ಸ್ವಚ್ಛವಾಗಿದ್ದೂ ಸೋರುತ್ತಿದ್ದರೆ, ಎಂಜಿನ್ ನಿಧಾನ ಓಟದಲ್ಲಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ ನೋಡಿರಿ. ತೆಳು ಆವಿ ಸಹಜ. ಹೊಗೆ ರಭಸದಿಂದ ಬುಸುಗುಟ್ಟಿದರೆ ರಿಂಗು, ಲೈನರುಗಳು ಸವೆದಿವೆ ಎಂದರ್ಥ. ಅಂಥ ಎಂಜಿನ್ನಿಗೆ ಹೊಸ ಸೀಲು ಹಾಕುವುದು ನೀರಿನಲ್ಲಿ ಹೋಮ ಮಾಡಿದಂತೆ.

ಬಾಳುವೆಯ ಲೆಕ್ಕ

ಸೋರಿಕೆಯನ್ನು ಅಳೆಯದೆ ದೊಡ್ಡದು, ಸಣ್ಣದು ಎನ್ನಬಾರದು. ಗಾಡಿಯಲ್ಲಿ ಒಂದು ಪುಸ್ತಕವಿಡಿ. ದಿನದ ಮೊದಲ ಓಟಕ್ಕೆ ಮುಂಚೆ, ಸಮನೆಲದಲ್ಲಿ, ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಿ, ಮಟ್ಟವನ್ನೂ ಕಿಲೋಮೀಟರನ್ನೂ ಹಾಕಿದ ಎಣ್ಣೆಯನ್ನೂ ಬರೆಯಿರಿ. ಬರೆದವರು ಸಹಿ ಹಾಕತಕ್ಕದ್ದು. ನಾವು ಇಟ್ಟುಕೊಂಡಿರುವ ಅಂದಾಜು ಹೀಗಿದೆ: ಒಂದು ಲೀಟರು 1000 ಕಿಲೋಮೀಟರಿಗಿಂತ ಹೆಚ್ಚು ಬಂದರೆ ಕೊಯ್ಲು ಮುಗಿಯುವ ತನಕ ಕಾಯಬಹುದು. 500ಕ್ಕೆ ಇಳಿದರೆ ಮೊದಲ ಬಿಡುವಿನಲ್ಲೇ ಕೆಲಸ ಮಾಡಿಸಬೇಕು. ಅದಕ್ಕೂ ಕಡಿಮೆಯಾದರೆ, ಇಲ್ಲವೇ ವಾರದಿಂದ ವಾರಕ್ಕೆ ಬೇಗ ಬೇಗ ಇಳಿಯುತ್ತಿದ್ದರೆ, ಗಾಡಿ ನಿಲ್ಲಿಸುವುದೇ ಲೇಸು. ಅಳತೆ ಸಣ್ಣದಿದ್ದರೂ ಕಾಯಬಾರದ ಸೋರಿಕೆಗಳೂ ಉಂಟು. ಬಿಸಿಯಾದ ಸೈಲೆನ್ಸರ್ ಕೊಳವೆಯ ಮೇಲೆ ಬೀಳುವ ಎಣ್ಣೆ ಬೆಂಕಿಗೆ ದಾರಿ. ಕ್ಲಚ್ಚಿಗೆ ತಗಲಿದ ಎಣ್ಣೆ ಏರಿನಲ್ಲಿ ಗಾಡಿಯನ್ನು ಕೈಬಿಡುವಂತೆ ಮಾಡುತ್ತದೆ. ಫಿಲ್ಟರಿನಿಂದ ಚಿಮ್ಮುವುದರ ಅಪಾಯವನ್ನು ಆಗಲೇ ಹೇಳಿದ್ದೇವೆ.

ನಮ್ಮ ಘಾಟಿಯ ರಸ್ತೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏರು, ಇಳಿಜಾರು, ತಿರುವುಗಳಲ್ಲಿ ಸಂಪಿನ ಎಣ್ಣೆ ಒಂದು ಕಡೆಗೆ ಸರಿಯುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪಿನ ಬಾಯಿ ಬರಿದಾಗಿ ಗಾಳಿಯನ್ನು ಹೀರುತ್ತದೆ. ಸಮನೆಲದಲ್ಲಿ ಸಾಕಾಗುವ ಎಣ್ಣೆ ಶಿರಾಡಿ ಹತ್ತುವಾಗ ಸಾಲದೆ ಹೋಗಬಹುದು. ಹಾಗಾಗಿ ಘಾಟಿಗೆ ಹೊರಡುವ ಗಾಡಿಯ ಮಟ್ಟ ಕಡ್ಡಿಯ ಮೇಲಿನ ಗೀಟಿನ ಹತ್ತಿರವೇ ಇರಲಿ, ಆದರೆ ಅದನ್ನು ಮೀರದಿರಲಿ. ಕೀಲಿ ತಿರುಗಿಸಿದಾಗ ಕೆಂಪು ದೀಪ ಹತ್ತಬೇಕು, ಎಂಜಿನ್ ಹಿಡಿದ ಕೂಡಲೇ ಆರಬೇಕು. ಹತ್ತದ ದೀಪವನ್ನು ಅಂದೇ ಸರಿಪಡಿಸಿರಿ. ಓಡುವಾಗ ಹತ್ತಿದರೆ ಅಲ್ಲೇ ಎಂಜಿನ್ ನಿಲ್ಲಿಸತಕ್ಕದ್ದು.

ಮಟ್ಟ ತಾನಾಗಿ ಏರುತ್ತಿದ್ದರೆ ಸಂತೋಷಪಡಬೇಡಿ. ಡೀಸೆಲ್ಲೋ ನೀರೋ ಒಳಗೆ ಸೇರುತ್ತಿದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ತಿಳಿದು, ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿರಿ.

ಸುಲಭದ ಉಪಾಯಗಳು

ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿಗಳು ಗಟ್ಟಿಯಾದ ರಬ್ಬರು ಸೀಲನ್ನು ಸ್ವಲ್ಪ ಉಬ್ಬಿಸಿ ಕೆಲಕಾಲ ಉಪಕಾರ ಮಾಡಬಹುದು. ಹರಿದ ಪ್ಯಾಕಿಂಗಿಗೆ ಅವುಗಳಿಂದ ಪ್ರಯೋಜನವಿಲ್ಲ. ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿದರೆ ಒಳಗೆ ಉಳಿದ ಚೂರುಗಳು ಸಂಪಿನ ಜಾಲರಿಯನ್ನು ಕಟ್ಟುತ್ತವೆ. ನಿಂತಲ್ಲೇ ನಿಂತ ಗಾಡಿಯ ಸೀಲು ಬೇಗ ಒಣಗುವುದರಿಂದ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸುವುದು ಉತ್ತಮ. ಹಳೇ ಗಾಡಿ ಕೊಳ್ಳುವವರು, ಮಾರುವವರು ಎಂಜಿನ್ ತೊಳೆದು ಮಿಂಚಿಸಿಟ್ಟಿದ್ದರೆ ಮೆಚ್ಚಿಕೊಳ್ಳುವ ಬದಲು, ಲೋಡಿನೊಡನೆ ಒಂದು ಏರು ಹತ್ತಿಸಿ ಬಂದು ಮತ್ತೆ ನೋಡಲಿ.

ಕಣ ಮತ್ತು ಹಳ್ಳ

ಕಾಫಿ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುವ ಪದಾರ್ಥ. ಸೋರುವ ಗಾಡಿಯನ್ನು ಒಣಹಾಕುವ ಕಣದ ಮೇಲೆ ನಿಲ್ಲಿಸಬೇಡಿ, ಎಣ್ಣೆ ಡಬ್ಬಿಯನ್ನು ಮೂಟೆಗಳ ಜೊತೆ ಸಾಗಿಸಬೇಡಿ. ಡೀಸೆಲ್ ವಾಸನೆ ಹಿಡಿದ ಒಂದು ಮೂಟೆ ಇಡೀ ಲಾಟಿನ ಬೆಲೆಯನ್ನು ಇಳಿಸಬಲ್ಲದು. ಅಡಿಕೆಗೂ ಇದೇ ಎಚ್ಚರಿಕೆ. ಗಾಡಿ ನಿಲ್ಲುವಲ್ಲಿ ತಗಡಿನ ತಟ್ಟೆಯಲ್ಲಿ ಮರದ ಹೊಟ್ಟು ಹಾಕಿಡಿ.

ತೆಗೆದ ಕರಿ ಎಣ್ಣೆಯನ್ನು ತೋಟದ ಬಸಿಗಾಲುವೆಗೆ ಚೆಲ್ಲಬಾರದು. ಅದು ಹಳ್ಳಕ್ಕೂ ಬಾವಿಗೂ ಸೇರುವ ದಾರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವೇ ಆಗಿದೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೇ ಕೊಡತಕ್ಕದ್ದು.

ಹಳೇ ಗಾಡಿ ಹನಿ ಹಾಕುವುದು ಅಪರಾಧವಲ್ಲ. ಅದು ಎಷ್ಟು ಹನಿ ಹಾಕುತ್ತಿದೆ ಎಂದು ಯಜಮಾನನಿಗೆ ತಿಳಿಯದಿರುವುದು ಅಪರಾಧ. ಸಂಘದ ಲಾರಿಯಲ್ಲಿ ಈಗ ಕಡ್ಡಿ ನೋಡಿ ಸಹಿ ಹಾಕದೆ ಕೀಲಿ ಕೊಡುವುದಿಲ್ಲ. ಅದೇ ಎಂಜಿನ್, ಒಂದೆರಡು ಕಡೆ ಇಂದಿಗೂ ಒಸರುತ್ತ, ಘಾಟಿ ಹತ್ತುತ್ತಿದೆ. ಸದಸ್ಯರು ತಮ್ಮ ತಮ್ಮ ಗಾಡಿಗಳಲ್ಲೂ ಈ ಕ್ರಮವನ್ನು ಕೊಯ್ಲಿಗೆ ಮುನ್ನವೇ ಆರಂಭಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ