ಒಲೆ ಹಚ್ಚದೆ ಪಾತ್ರೆ ಮಾರಿದವರು

ಪಾತ್ರೆ ಮಾರಬೇಕಾದರೆ ಅದರಲ್ಲಿ ಅಡುಗೆ ಮಾಡಿ ತೋರಿಸಬೇಕು ಎಂಬುದು ಹಳೆಯ ನಂಬಿಕೆ. ಅಮೆರಿಕದಲ್ಲಿ 1920ರ ದಶಕದಲ್ಲೇ ವೇರ್-ಎವರ್ ಅಲ್ಯೂಮಿನಿಯಂ ಪಾತ್ರೆ ಮಾರುವವರು ಯಾರದೋ ಮನೆಗೆ ಹೋಗಿ, ನೆರೆಹೊರೆಯವರನ್ನು ಕರೆಸಿ, ಬೇಯಿಸಿ ಬಡಿಸಿ, ಊಟ ಮುಗಿದ ಮೇಲೆ ವ್ಯಾಪಾರಕ್ಕೆ ಇಳಿಯುತ್ತಿದ್ದರು. 1980ರಲ್ಲಿ ಶುರುವಾದ ಪ್ಯಾಂಪರ್ಡ್ ಶೆಫ್ ಕಂಪನಿ ಕೂಡ ಅಡುಗೆಯ ಪ್ರದರ್ಶನವನ್ನೇ ನೆಚ್ಚಿಕೊಂಡಿತು. ಈ ಎರಡರ ನಡುವೆ, ಒಲೆಯ ಹತ್ತಿರಕ್ಕೂ ಹೋಗದೆ ಮನೆಮಾತಾದದ್ದು ಪ್ಲಾಸ್ಟಿಕ್ ಡಬ್ಬಿ ಮಾರುವ ಟಪ್ಪರ್‌ವೇರ್ ಪಾರ್ಟಿ. ಅಡುಗೆ ಇಲ್ಲದಿದ್ದರೂ ಅದು ಗೆದ್ದಿತು ಎನ್ನುವವರಿದ್ದಾರೆ. ಅಡುಗೆ ಇಲ್ಲದ್ದರಿಂದಲೇ ಗೆದ್ದಿತು ಎಂಬುದು ಈ ಬರಹದ ವಾದ.

ಅರ್ಲ್ ಟಪ್ಪರ್ ಪಾಲಿಥಿಲೀನ್ ಬಟ್ಟಲುಗಳನ್ನು ಮಾರುಕಟ್ಟೆಗೆ ತಂದದ್ದು 1946ರಲ್ಲಿ. ಪೇಂಟ್ ಡಬ್ಬದ ಮುಚ್ಚಳದಿಂದ ಹೊಳೆದ ಉಪಾಯವೊಂದು ಆ ಬಟ್ಟಲನ್ನು ಗಾಳಿಯಾಡದಂತೆ ಬಿಗಿಯುತ್ತಿತ್ತು. ಆದರೂ ಅಂಗಡಿಗಳಲ್ಲಿ ಸರಕು ಕದಲಲಿಲ್ಲ. ಮುಚ್ಚಳ ಹಾಕುವುದು ಹೇಗೆಂದೇ ಕೊಳ್ಳುವವರಿಗೆ ತಿಳಿಯುತ್ತಿರಲಿಲ್ಲ. ನಡುಭಾಗ ಒತ್ತಿ, ಅಂಚನ್ನು ತುಸು ಎತ್ತಿ, ಒಳಗಿನ ಗಾಳಿಯನ್ನು ಪುಸ್ ಎಂದು ಹೊರಬಿಡಬೇಕು. ಡಬ್ಬಿಯನ್ನು ತೇಗಿಸುವುದು ಎಂದೇ ಅಲ್ಲಿನ ರೂಢಿಮಾತು. ಇದನ್ನು ಲೇಬಲ್ ಮೇಲೆ ಬರೆದರೆ ಸಾಲದು, ಕೈಯಲ್ಲೇ ಮಾಡಬೇಕು.

ಹಾಗೆ ಮಾಡಿಸಿ ತೋರಿಸಿದವರಲ್ಲಿ ಮುಂಚೂಣಿಯಲ್ಲಿದ್ದವಳು ಬ್ರೌನಿ ವೈಸ್. ಗಂಡನಿಂದ ಬೇರೆಯಾಗಿ ಒಬ್ಬಳೇ ಮಗನನ್ನು ಸಾಕುತ್ತಿದ್ದ ಹೆಣ್ಣು. ಮನೆಮನೆಯ ಪಾರ್ಟಿಗಳಲ್ಲಿ ಬ್ರಷ್ಷು, ಶುಚಿ ಸಾಮಗ್ರಿ ಮಾರುವ ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್‌ನಲ್ಲಿ ಪಳಗಿದವಳು. ಹಣ್ಣಿನ ರಸ ತುಂಬಿದ ಬಟ್ಟಲನ್ನು ಮುಚ್ಚಿ ಕೋಣೆಯ ಆಚೆ ಬದಿಗೆ ಎಸೆಯುವಳು. ಹಾಸುಗಂಬಳಿಯ ಮೇಲೆ ಬಿದ್ದರೂ ಒಂದು ತೊಟ್ಟು ಚೆಲ್ಲದು. ಡಬ್ಬಿಯ ಗುಣ ತಿಳಿಸಲು ಇದಕ್ಕಿಂತ ಹೆಚ್ಚೇನು ಬೇಕು? ಬೇಯಿಸಿ ಬಡಿಸಿದರೆ ಹೊಗಳಿಕೆ ರುಚಿಗೆ, ಅಂದರೆ ಬಡಿಸಿದವಳ ಕೈಗುಣಕ್ಕೆ ಸಲ್ಲುತ್ತದೆ. ಪಾತ್ರೆ ಹಿಂದೆ ಉಳಿಯುತ್ತದೆ. ಇಲ್ಲಿ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು, ಬಂದವರೆಲ್ಲ ತಾವೇ ತೇಗಿಸಿ ನೋಡುತ್ತಿದ್ದರು. ಮನೆಯೊಡತಿಗೂ ಅಡುಗೆಯ ಹೊರೆಯಿಲ್ಲ. ಕಾಫಿ, ಒಂದಿಷ್ಟು ತಿಂಡಿ ಇಟ್ಟರಾಯಿತು. ಅಡುಗೆ ಬಾರದವಳೂ ಮಾರಾಟಗಾರ್ತಿಯಾಗಬಹುದಿತ್ತು. ಇದರ ಬಲ ಅರಿತ ಟಪ್ಪರ್ 1951ರಲ್ಲಿ ಅಂಗಡಿಗಳಿಂದ ಸರಕನ್ನೇ ಹಿಂತೆಗೆದು, ವೈಸ್‌ಳನ್ನು ಉಪಾಧ್ಯಕ್ಷೆಯನ್ನಾಗಿ ಮಾಡಿದ. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಮೊದಲ ಬಾರಿಗೆ ಹೆಣ್ಣೊಬ್ಬಳ ಚಿತ್ರ ಬಂತು, ಅದು ಇವಳದು.

ಆದರೆ ಸಾರು ಕುದಿಸದೆ ಪಾತ್ರೆಯ ಯೋಗ್ಯತೆ ಹೇಗೆ ತಿಳಿದೀತು? ತವಾ, ಕುಕ್ಕರ್‌ಗಳ ಮಟ್ಟಿಗೆ ಈ ಪ್ರಶ್ನೆ ನ್ಯಾಯವೇ. ತಳ ಹಿಡಿಯುತ್ತದೋ ಇಲ್ಲವೋ ಬಿಸಿಯಾಗದೆ ಗೊತ್ತಾಗದು. ಡಬ್ಬಿಗೆ ಬೇರೆಯದೇ ಪರೀಕ್ಷೆ: ಸೋರುತ್ತದೆಯೇ, ಮುಚ್ಚಳ ಕೂರುತ್ತದೆಯೇ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಇದು ಸ್ನೇಹವನ್ನು ಕಾಸು ಮಾಡಿಕೊಳ್ಳುವ ದಂಧೆ, ದಾಕ್ಷಿಣ್ಯಕ್ಕೆ ಬಸಿರಾದಂತೆ ಜನ ಕೊಳ್ಳುತ್ತಾರೆ. ಅಲ್ಲಗಳೆಯುವಂತಿಲ್ಲ. ಮಾರಾಟ ಹೆಚ್ಚಿದಷ್ಟೂ ಮನೆಯೊಡತಿಗೆ ಉಡುಗೊರೆ ಹೆಚ್ಚುತ್ತಿದ್ದಾಗ ಕಾಫಿಯ ಋಣ ಕೆಲಸ ಮಾಡದೆ ಇರುತ್ತದೆಯೇ? ಆದರೆ ಮನೆಯಿಂದಾಚೆ ದುಡಿಮೆ ಸಿಗದ ಹೆಂಗಸರಿಗೆ ಇದೇ ದಾಕ್ಷಿಣ್ಯ ಬಂಡವಾಳವೂ ಆಗಿತ್ತು. ಅವರ ಬಳಿ ಅಂಗಡಿಯಿರಲಿಲ್ಲ, ನೆರೆಹೊರೆಯಿತ್ತು. ನಿಜವಾದ ಅನ್ಯಾಯ ಹುಡುಕಬೇಕಾದದ್ದು ಮೇಲಿನ ಮಜಲಿನಲ್ಲಿ. 1958ರ ಜನವರಿಯಲ್ಲಿ ಟಪ್ಪರ್ ವೈಸ್‌ಳನ್ನು ಕೆಲಸದಿಂದ ತೆಗೆದ. ಅವಳ ಹೆಸರಿನಲ್ಲಿ ಕಂಪನಿಯ ಒಂದು ಷೇರೂ ಇರಲಿಲ್ಲ; ಕೈಗೆ ಬಂದದ್ದು ಸುಮಾರು 30,000 ಡಾಲರ್. ಅದೇ ವರ್ಷ ಅವನು ತನ್ನ ಕಂಪನಿಯನ್ನು ರೆಕ್ಸಾಲ್ ಎಂಬ ಕಂಪನಿಗೆ 1.6 ಕೋಟಿ ಡಾಲರ್‌ಗೆ ಮಾರಿದ.

ಟಪ್ಪರ್‌ವೇರ್ ಭಾರತಕ್ಕೆ ಬಂದದ್ದು 1996ರಲ್ಲಿ. ಮಡಿ-ಮೈಲಿಗೆ, ಸಸ್ಯಾಹಾರ-ಮಾಂಸಾಹಾರಗಳ ಗೆರೆಗಳು ಗಟ್ಟಿಯಾಗಿರುವ ನಮ್ಮ ಮನೆಗಳಲ್ಲಿ ಹೊರಗಿನವರು ಬಂದು ಒಲೆ ಹಚ್ಚುವುದು ಸುಲಭದ ಮಾತಲ್ಲ. ಹಾಲ್‌ನಲ್ಲೇ ಮುಗಿಯುವ ಪಾರ್ಟಿ ಇಲ್ಲಿ ಒಗ್ಗಿದ್ದು ಅದಕ್ಕೂ ಇರಬಹುದು. ಊಟದ ಡಬ್ಬಿ, ನೀರಿನ ಬಾಟಲಿಗಳು ಬೆಂಗಳೂರಿನ ಶಾಲಾ ಬ್ಯಾಗುಗಳಿಗೂ ನುಗ್ಗಿದವು. ಈಗ ಹಾಗಲ್ಲ. ಅಗ್ಗದ ಡಬ್ಬಿಗಳು ಎಲ್ಲೆಡೆ ಸಿಗುತ್ತವೆ, ಪ್ಲಾಸ್ಟಿಕ್‌ನ ಅಂಜಿಕೆ ಸ್ಟೀಲನ್ನು ಮತ್ತೆ ಹತ್ತಿರ ತಂದಿದೆ, ಮಧ್ಯಾಹ್ನದ ಹೊತ್ತು ನಾಲ್ಕು ಹೆಂಗಸರನ್ನು ಒಂದೆಡೆ ಸೇರಿಸುವುದೇ ಕಷ್ಟ. 2022ರಲ್ಲಿ ಕಂಪನಿ ಅಮೆರಿಕದ ಟಾರ್ಗೆಟ್ ಮಳಿಗೆಗಳಲ್ಲಿ, ಅಂದರೆ ಟಪ್ಪರ್ ಬಿಟ್ಟುಬಂದಿದ್ದ ಅಂಗಡಿಯ ಕಪಾಟಿನಲ್ಲೇ, ಮತ್ತೆ ಸರಕು ಇಟ್ಟಿತು. ಅದೂ ಕೈಹಿಡಿಯಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.